ಅರವತ್ತನಾಲ್ಕು ಅಂಕದ ಹಡಗು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ಹಳೆಯ ನಾಣ್ಯಗಳನ್ನು ದೀಪದ ಕೆಳಗೆ ಓರೆ ಹಿಡಿದು ನೋಡಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಅವಳು ಅಂಕ ಬರೆದ ಮೇಲೆ ಪಕ್ಕದ ಕೋಣೆಯಲ್ಲಿ ನಾಣ್ಯವನ್ನು ಪಾರದರ್ಶಕ ಡಬ್ಬಿಯೊಳಗಿಟ್ಟು, ಚೀಟಿ ಸೇರಿಸಿ, ಯಂತ್ರದಲ್ಲಿ ಅಂಚು ಬೆಸೆಯುತ್ತಿದ್ದರು. ಒಮ್ಮೆ ಬೆಸೆದರೆ ಮುಗಿಯಿತು; ಬೆರಳು ತಾಗದು, ಒಡೆಯದೆ ತೆರೆಯಲೂ ಆಗದು. ಕೊಳ್ಳುವವರು ನಾಣ್ಯಕ್ಕಿಂತ ಮೊದಲು ಚೀಟಿಯನ್ನು ನೋಡುತ್ತಿದ್ದರು. ಅದರ ಮೂಲೆಯಲ್ಲಿ ಅಂಕ ಕೊಟ್ಟವರ ಸಂಖ್ಯೆ ಇರುತ್ತಿತ್ತು. ಅವಳದು ಏಳು.

ಕಚೇರಿ ಅವಳ ಸೋದರಮಾವನದು. ಅಪ್ಪನಿಲ್ಲದ ಹುಡುಗಿಗೆ ಈ ವಿದ್ಯೆ ಕಲಿಸಿದವನೂ ಅವನೇ. ಒಂಬತ್ತನೇ ವಯಸ್ಸಿನಲ್ಲಿ ಅವಳು ನಾಣ್ಯದ ಮುಖದ ಮೇಲೆ ಹೆಬ್ಬೆರಳು ಒತ್ತಿದ್ದಕ್ಕೆ ಕೈಮೇಲೆ ಪಟ್ಟನೆ ಬಾರಿಸಿದ್ದ: "ಅಂಚು ಹಿಡಿಯೇ, ಅಂಚು! ನಿನ್ನ ಬೆವರು ಇದನ್ನ ನೂರು ವರ್ಷ ತಿನ್ನುತ್ತೆ." ಆ ಏಟನ್ನು ಅವಳು ಬಿರುದಿನಂತೆ ಹೇಳಿಕೊಂಡು ತಿರುಗಿದ್ದಳು.

ಆ ದಿನ ಕೌಂಟರಿನವಳು ರಜೆ ಹಾಕಿದ್ದರಿಂದ ಭೂತಗನ್ನಡಿಯೇ ಅಲ್ಲಿ ಕೂತಿದ್ದಳು. ಮೊದಲು ಬಂದವನು ನಿವೃತ್ತ ಬಸ್ ಡ್ರೈವರ್. ಕರವಸ್ತ್ರದ ನಾಲ್ಕು ಮಡಿಕೆ ಬಿಡಿಸಿ ಒಂದು ಡಬ್ಬಿಯನ್ನು ಮುಂದಿಟ್ಟ.

"ಮೂಲೇಲಿ ಒಂಚೂರು ಬಿರುಕು ಬಿಟ್ಟಿದೆಯಮ್ಮಾ. ಬೇರೆ ಡಬ್ಬಿ ಹಾಕಿ ಕೊಡ್ತೀರಂತಲ್ಲ?"

ಒಳಗೆ ಮೂರು ಹಾಯಿಯ ಹಡಗಿನ ಬೆಳ್ಳಿ ನಾಣ್ಯ. ನಡುವಿನ ಹಾಯಿಯ ಕೆಳಗೆ ಜೀರಿಗೆಯಷ್ಟು ಗೀರು. ಆ ಗೀರು ಅವಳಿಗೆ ಗುರುತಿತ್ತು. ಎರಡು ತಿಂಗಳ ಹಿಂದೆ ಇದೇ ನಾಣ್ಯ ಅವಳ ಮೇಜಿಗೆ ಬಂದಿತ್ತು. ಯಾರೋ ಪುಡಿ ಹಾಕಿ ತಿಕ್ಕಿದ್ದರು. ತಲೆ ಬಾಚಿದ ಹಾಗೆ ಒಂದೇ ದಿಕ್ಕಿಗೆ ನವಿರಾದ ಗೆರೆಗಳು. ಹಾಗೆ ಉಜ್ಜಿ ಹೊಳಪಿಸಿದ ಹಳೆಯ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬೆಲೆಯಿಲ್ಲ. "ಉಜ್ಜಿ ತೊಳೆದದ್ದು, ಅಂಕ ಇಲ್ಲ" ಎಂದು ಅವಳೇ ಬರೆದಿದ್ದಳು. ಈಗ ಚೀಟಿಯಲ್ಲಿ ಅರವತ್ತನಾಲ್ಕು. ಮೂಲೆಯಲ್ಲಿ ಏಳು.

"ಎಲ್ಲಿ ತಗೊಂಡ್ರಿ?"

ಅವನು ಊರಿನ ದೊಡ್ಡ ನಾಣ್ಯ ವ್ಯಾಪಾರಿಯ ಅಂಗಡಿ ಹೇಳಿದ. "ದುಡ್ಡಿಗಲ್ಲ. ಮೂವತ್ತು ವರ್ಷ ರೂಟಿನ ಮೇಲೆ ಓಡಾಡ್ತಾ ಕೂಡಿಸಿದ್ದ ನಾಣ್ಯ ಒಂದು ಟಿನ್ ತುಂಬ ಇತ್ತು. ಪೂರ್ತಿ ಕೊಟ್ಟು ಇದೊಂದನ್ನ ತಂದೆ. ಏಳನೇ ನಂಬರಿನೋರು ಸುಳ್ಳು ಬರೆಯಲ್ಲ ಅಂತಾರೆ."

ಭೂತಗನ್ನಡಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಎದ್ದಿತು. "ಕೂತಿರಿ" ಎಂದವಳೇ ಡಬ್ಬಿ ಹಿಡಿದು ಮಾವನ ಕೋಣೆಗೆ ನುಗ್ಗಿದಳು.

ಮಾವ ಒಂದೇ ನೋಟಕ್ಕೆ ಗುರುತು ಹಿಡಿದ. ಗೊತ್ತಿಲ್ಲ ಎಂದು ನಟಿಸುವ ಕಷ್ಟವನ್ನೂ ಪಡಲಿಲ್ಲ.

"ಆ ವ್ಯಾಪಾರಿ ತಿಂಗಳಿಗೆ ಮುನ್ನೂರು ನಾಣ್ಯ ಕಳಿಸ್ತಾನೆ. ಒಂದಕ್ಕೆ ಕಣ್ಣು ಮುಚ್ಚಿದ್ರೆ ಆಕಾಶ ಕಳಚಿ ಬೀಳಲ್ಲ."

"ಮುಚ್ಚಿದ್ದು ನಿನ್ನ ಕಣ್ಣು. ಚೀಟೀಲಿರೋದು ನನ್ನ ನಂಬರು!"

"ನಿನ್ನ ಏಳಕ್ಕೆ ಬೆಲೆ ಇದೆ ಕಣೆ. ಹೊಗಳಿಕೆ ಅಂದ್ಕೋ."

ಹತ್ತೊಂಬತ್ತು ವರ್ಷ ಹಬ್ಬ ಹರಿದಿನವೆನ್ನದೆ ಕಣ್ಣು ಕೀಲಿಸಿ ಕೂತು ಸಂಪಾದಿಸಿದ್ದನ್ನು ಇವನು ಅಂಗಡಿಯ ಸೀಲಿನಂತೆ ಎತ್ತಿ ಒತ್ತಿದ್ದಾನೆ, ಮೇಲೆ ಹೊಗಳಿಕೆಯಂತೆ!

"ಇಂಥವು ಎಷ್ಟಿವೆ?"

ಮಾವ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. "ಹೋಗಿ ಕೆಲಸ ನೋಡು" ಎಂದ.

ಅವಳು ಹೋದಳು. ತನ್ನ ಮೇಜಿನಿಂದ ದಿನಚರಿ ಪುಸ್ತಕವನ್ನೂ ಮಸೂರವನ್ನೂ ತೆಗೆದುಕೊಂಡು ಕೌಂಟರಿಗೆ ಬಂದು, ಡ್ರೈವರನ ಎದುರು ಕೂತು ಇದ್ದದ್ದು ಇದ್ದಂತೆ ಹೇಳಿದಳು. ಅವನು ಮೊದಲು ನಕ್ಕ. ಆಮೇಲೆ ಸಿಡಿದ, ಅದೂ ಅವಳ ಮೇಲೆ.

"ಇಷ್ಟು ಹೊತ್ತೂ ನನ್ನ ಹತ್ರ ಒಂದು ಒಳ್ಳೇ ನಾಣ್ಯ ಇತ್ತು. ನೀವು ಬಾಯಿ ಬಿಟ್ರಿ, ಹೋಯ್ತು! ಯಾರು ಕೇಳಿದ್ರು ನಿಮ್ಮನ್ನ?"

"ಬೈರಿ. ಆದ್ರೆ ನೋಡಿಬಿಟ್ಟು ಬೈರಿ."

ಅವನು ಮಸೂರ ಹಿಡಿದು ಬಗ್ಗಿದ. ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಡಬ್ಬಿಯನ್ನು ನೆಲಕ್ಕೆ ಅಪ್ಪಳಿಸಲು ಕೈ ಮೇಲೆ ಹೋಗಿತ್ತು. ಅವಳು ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. "ಒಡೀಬೇಡಿ! ಈ ಡಬ್ಬೀನೇ ಸಾಕ್ಷಿ. ಬನ್ನಿ ನನ್ನ ಜೊತೆ."

ಇಬ್ಬರೂ ಒಳಗೆ ಹೋದರು. "ಬಾಗಿಲು ಹಾಕು" ಎಂದ ಮಾವ. ಅವಳು ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಿಟ್ಟು, ಹೊರಗೆ ಕಾಯುತ್ತಿದ್ದ ನಾಲ್ಕು ಜನಕ್ಕೂ ಕೇಳುವಂತೆ ದಿನಚರಿಯ ಆ ಪುಟವನ್ನು ತಾರೀಖಿನ ಸಮೇತ ಓದಿದಳು. ಹೊರಗಿನವರು ಒಬ್ಬೊಬ್ಬರಾಗಿ ಚೀಲದಿಂದ ತಮ್ಮ ಡಬ್ಬಿ ತೆಗೆದು, ತಿರುಗಿಸಿ ಮುರುಗಿಸಿ ನೋಡತೊಡಗಿದರು. ಮಾವನ ಮುಖ ಕಪ್ಪಿಟ್ಟಿತು. ಫೋನ್ ಎತ್ತಿ ಆ ವ್ಯಾಪಾರಿಯನ್ನು ಕರೆದ.

ಸಂಜೆಯೊಳಗೆ ಡ್ರೈವರನ ಟಿನ್ ವಾಪಸು ಬಂತು. ಹದಿನಾರು ನಾಣ್ಯ ಆಗಲೇ ಮಾರಿಹೋಗಿದ್ದವು. ಅವನು ಮೊದಲ ಸಂಬಳದಲ್ಲಿ ಕೊಂಡದ್ದೂ ಅದರಲ್ಲಿ ಒಂದು. ಮಾವ ಅವಕ್ಕೆ ಹಣ ಚಾಚಿದ. ಅವನು ತೆಗೆದುಕೊಂಡ, ಯಾಕೆ ಬಿಡಬೇಕು? ಆದರೆ ಹೊರಡುವಾಗ ಮೆಟ್ಟಿಲ ಮೇಲೆ ಥೂ ಎಂದು ಉಗಿದೇ ಹೋದ.

"ನನ್ನ ನಂಬರಿನ ಒಂದೊಂದು ಡಬ್ಬೀನೂ ತರಿಸಿ ನೋಡೋವರೆಗೆ ನಾನು ಅಂಕ ಬರೆಯಲ್ಲ" ಎಂದಳು ಭೂತಗನ್ನಡಿ.

"ಹಾಗಾದ್ರೆ ಎದ್ದು ನಡಿ" ಎಂದ ಮಾವ. ನಡೆದಳು.

ಮನೆಯಲ್ಲಿ ಅಮ್ಮನಿಗೆ ಸುದ್ದಿ ಮೊದಲೇ ಮುಟ್ಟಿತ್ತು. "ನನ್ನ ತಮ್ಮನ ಮಾನ ಬೀದಿಗೆ ತಂದೆ. ಉಂಡ ಮನೆ ಜಂತೆ ಎಣಿಸ್ದೆಯಲ್ಲೇ!"

"ಎಣಿಸೋದನ್ನ ಕಲಿಸಿದ್ದೇ ಅವನು."

ಅಮ್ಮ ಎರಡು ವಾರ ಮಾತು ಬಿಟ್ಟಳು. ತಟ್ಟೆಯನ್ನು ಮಾತ್ರ ದಢಾರನೆ ಮುಂದಿಡುತ್ತಿದ್ದಳು.

ಭೂತಗನ್ನಡಿ ಸುಮ್ಮನೆ ಕೂರಲಿಲ್ಲ. ಏಳನೇ ನಂಬರಿನ ಡಬ್ಬಿ ಇದ್ದವರು ತನ್ನಿ, ಬಿಟ್ಟಿ ನೋಡಿಕೊಡುತ್ತೇನೆ ಎಂದು ಸಂಗ್ರಾಹಕರ ಸಂಘದ ಫಲಕದಲ್ಲಿ ಬರೆದು ಅಂಟಿಸಿದಳು. ಮೊದಲ ಭಾನುವಾರವೇ ನಲವತ್ತೊಂದು ಡಬ್ಬಿ ಬಂದವು. ಹನ್ನೊಂದು ಸುಳ್ಳು. ಪ್ರತಿಯೊಂದಕ್ಕೂ ಹೊಸದಾಗಿ ಮೈ ಉರಿಯಿತು. ಸುಳ್ಳೆಂದು ಬರೆದುಕೊಡುವಾಗ ಪೆನ್ನಿನ ಮೊನೆಗೆ ಎರಡು ಸಲ ಕಾಗದ ಹರಿಯಿತು.

ಐದನೇ ವಾರ ಮಾವನ ಫೋನ್ ಬಂತು. "ಸಾಕು ನಿಲ್ಲಿಸೇ. ಗಿರಾಕಿಗಳೇ ಬರ್ತಿಲ್ಲ. ಏನು ಬೇಕು ನಿಂಗೆ?"

"ನೀನು ಬದಲಾಯಿಸಿದ ಚೀಟಿಗಳ ಪಟ್ಟಿ."

ಫೋನ್ ಕುಕ್ಕಿದ ಸದ್ದು ಕೇಳಿಸಿತು. ನಾಲ್ಕು ದಿನದ ಮೇಲೆ ಮಧ್ಯಾಹ್ನದ ಅಂಚೆಯಲ್ಲಿ ಲಕೋಟೆ ಬಂತು. ಕ್ಷಮೆಯ ಒಂದು ಸಾಲೂ ಇರಲಿಲ್ಲ. ಮಾವನ ಮುದ್ದಾದ ಅಕ್ಷರದಲ್ಲಿ ನಾಣ್ಯಗಳ, ಕೊಂಡವರ ಹೆಸರಿನ ಪಟ್ಟಿ ಮಾತ್ರ ಇತ್ತು. ಅವಳು ಇಪ್ಪತ್ತು ಇರಬಹುದು ಎಂದುಕೊಂಡಿದ್ದಳು. ಅರವತ್ತೆಂಟಿದ್ದವು, ಎಂಟು ವರ್ಷಗಳಿಂದ. ಆರಿತೆಂದುಕೊಂಡಿದ್ದ ಸಿಟ್ಟು ಮತ್ತೆ ಭುಗಿಲೆಂದಿತು. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೊದಲನೆಯವರ ವಿಳಾಸ ಹುಡುಕಿ, ಕಾಗದ ಬರೆಯಲು ಕೂತಳು.

ಅಮ್ಮ ಬಂದು ಪಟ್ಟಿಯನ್ನು ಕೈಗೆತ್ತಿಕೊಂಡು ಕೊನೆಯವರೆಗೆ ಓದಿದಳು. ಎದುರಿನ ಕುರ್ಚಿ ಎಳೆದುಕೊಂಡು, ಲಕೋಟೆಗಳಿಗೆ ಅಂಟು ಹಚ್ಚತೊಡಗಿದಳು.