ಬಲಕ್ಕೆ ದಕ್ಷಿಣ

ಮೂವತ್ತೆರಡು ಮಕ್ಕಳಿಗೆ ಬೆನ್ನು ತಿರುಗಿಸಿ, ಬೆಳಗಿನ ಸೂರ್ಯನಿಗೆ ಮುಖವೊಡ್ಡಿ, ಭೂಗೋಳದ ಟೀಚರು ಶಾಲೆಯ ಅಂಗಳದ ನಡುವೆ ನಿಂತರು. ದಿಕ್ಕುಗಳ ಪಾಠವನ್ನು ಇಪ್ಪತ್ತಾರು ವರ್ಷಗಳಿಂದ ಅವರು ಹೀಗೆಯೇ ಕಲಿಸುತ್ತ ಬಂದಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳಿಗೆ ಎದುರಾಗಿ ನಿಂತು ಎಡಗೈ ಚಾಚಿದ್ದರು. ಮಕ್ಕಳು ಕನ್ನಡಿಯ ಪ್ರತಿಬಿಂಬದಂತೆ ಬಲಗೈ ಚಾಚಿ, ಒಂದಿಡೀ ತರಗತಿ ಬಲಕ್ಕೆ ಉತ್ತರವೆಂದೇ ಕಲಿತುಬಿಟ್ಟಿತ್ತು. ಅಂದಿನಿಂದ ಈ ಪಾಠಕ್ಕೆ ಬೆನ್ನೇ ಮುಖ.

ಜಗಲಿಯಲ್ಲಿ ಹೆಡ್‌ಮಾಸ್ಟರು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಪಾರ್ಶ್ವವಾಯು ಬಡಿದು ಮೂರು ತಿಂಗಳು ರಜೆಯಲ್ಲಿದ್ದ ಟೀಚರಿಗೆ ನಿನ್ನೆಯೇ ಮೃದುವಾಗಿ ಹೇಳಿದ್ದರು: “ನಾಳೆ ಒಂದು ಪಾಠ ಮಾಡಿ, ನೋಡೋಣ. ಕಷ್ಟ ಆದ್ರೆ ಗ್ರಂಥಾಲಯ ನೋಡ್ಕೊಳ್ಳಿ. ಕೂತಲ್ಲೇ ಕೆಲಸ.”

“ಸೂರ್ಯ ಹುಟ್ಟೋ ಕಡೆ ಮುಖ. ಯಾವ ದಿಕ್ಕು?”

“ಪೂರ್ವಾ!”

“ಬೆನ್ನ ಹಿಂದೆ?”

“ಪಶ್ಚಿಮಾ!”

“ಎಡಗಡೆ ಉತ್ತರ.” ಎಡಗೈ ಸಲೀಸಾಗಿ ಎದ್ದಿತು. “ಬಲಗಡೆ...”

ಬಲಗೈ ಏಳಲಿಲ್ಲ. ಮುಂಜಾನೆ ಮನೆಯಲ್ಲಿ ತಂಗಿಯ ಎದುರು ಗೇಣುದ್ದವಾದರೂ ಎದ್ದಿತ್ತು. “ನೋಡಕ್ಕಾ, ದಕ್ಷಿಣ ಅರ್ಧ ದಾರಿ ಬಂತು!” ಎಂದು ತಂಗಿ ನಕ್ಕಿದ್ದಳು. ಈಗ ಬೆರಳೂ ಮಿಸುಕಲಿಲ್ಲ.

“ದಕ್ಷಿಣ,” ಎಂದು ಟೀಚರು ಬಾಯಿಮಾತಿನಲ್ಲೇ ಮುಗಿಸಿದರು. ಹಿಂದಿನಿಂದ ನಗು ಕೇಳೀತೆಂದು ಕಿವಿ ಹೆದರಿ ಕಾದಿತ್ತು. ಕೇಳಲಿಲ್ಲ. ಮೆಲ್ಲನೆ ತಿರುಗಿದರು.

ಮೂವತ್ತೆರಡು ಎಡಗೈಗಳು ಉತ್ತರಕ್ಕೆ ಚಾಚಿದ್ದವು. ಮೂವತ್ತೆರಡು ಬಲಗೈಗಳು ಜೀವವಿಲ್ಲದವುಗಳಂತೆ ಜೋತುಬಿದ್ದಿದ್ದವು.

“ಇದೇನ್ರೋ ಇದು? ಬಲಗೈ ಯಾಕೆ ಎತ್ತಿಲ್ಲ?”

“ದಕ್ಷಿಣ ತೋರಿಸ್ತಿದೀವಿ ಟೀಚರ್!” ಎಂದಳು ಮುಂದಿನ ಸಾಲಿನ ಹುಡುಗಿ. ಬಾಯಿ ಮುಚ್ಚದ ಅವಳನ್ನು ತರಗತಿಯೆಲ್ಲ ರೇಡಿಯೋ ಎಂದೇ ಕರೆಯುತ್ತಿತ್ತು. “ಗೋಡೆ ಮೇಲಿನ ನಕ್ಷೇಲಿ ದಕ್ಷಿಣ ಕೆಳಗೇ ಇರತ್ತಲ್ವಾ? ಅದಕ್ಕೇ ನೀವೂ ಕೈ ಕೆಳಗೆ ಬಿಟ್ಟಿರೋದು.”

ಹೌದೆಂದರೆ ಸಾಕಿತ್ತು. ಮಕ್ಕಳ ಮುಗ್ಧ ತರ್ಕ ಅವರ ಮಾನಕ್ಕೆ ಹೊದಿಕೆಯಾಗುತ್ತಿತ್ತು. ಜಗಲಿಗೂ ಅದೊಂದು ಹೊಸ ಕ್ರಮವೆಂದು ತೋರುತ್ತಿತ್ತೇನೋ. ಆದರೆ ದಿಕ್ಕು ತಪ್ಪಿಸಿದ ಆ ಮೊದಲ ತರಗತಿಯ ನೆನಪು ಅವರ ನಾಲಿಗೆಯನ್ನು ಹಿಡಿಯಿತು.

“ಇಲ್ಲ ಮಕ್ಕಳೇ. ದಕ್ಷಿಣ ನೆಲದೊಳಗಿಲ್ಲ. ನನಗೆ ಕಾಯಿಲೆಯಾಗಿತ್ತಲ್ಲ, ಈ ಕೈ ಏಳೋದಿಲ್ಲ. ಅಷ್ಟೇ.” ಹೀಗೆಂದು ಮತ್ತೆ ಸೂರ್ಯನತ್ತ ತಿರುಗಿ, ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿದರು. “ಇಗೋ, ದಕ್ಷಿಣ ಇಲ್ಲಿ.”

“ಟೀಚರ್, ಉತ್ತರ ಎಲ್ಲೋಯ್ತು?” ಎಂದ ಹಿಂದಿನ ಸಾಲಿನ ಹುಡುಗನೊಬ್ಬ.

ಮೊದಲು ನಕ್ಕವರು ಟೀಚರೇ. ಆಮೇಲೆ ಅಂಗಳವೆಲ್ಲ ನಕ್ಕಿತು.

ರೇಡಿಯೋ ಸಾಲು ಮುರಿದು ಬಂದಳು. “ನೀವು ಉತ್ತರ ನೋಡ್ಕೊಳ್ಳಿ ಟೀಚರ್, ದಕ್ಷಿಣ ನಾನು ಹಿಡ್ಕೋತೀನಿ,” ಎಂದು ಆ ಕೈಯನ್ನೆತ್ತಿ ತನ್ನ ಭುಜದ ಮೇಲಿಟ್ಟುಕೊಂಡಳು. ಸ್ಪರ್ಶವೇ ಅರಿಯದ ಅಂಗೈಗೆ ಆ ಪುಟ್ಟ ಭುಜದ ಬಿಸುಪು ತಿಳಿಯಿತೋ ಇಲ್ಲವೋ. ಟೀಚರ ಕಣ್ಣಿಗೆ ಮಾತ್ರ ತಿಳಿಯಿತು. ಅವರು ಸೂರ್ಯನಿಗೆ ಮುಖಮಾಡಿಯೇ ನಾಲ್ಕು ದಿಕ್ಕುಗಳನ್ನೂ ಮೊದಲಿನಿಂದ ಹೇಳಿಕೊಟ್ಟರು.

ಗಂಟೆ ಬಾರಿಸಿದಾಗ ಹೆಡ್‌ಮಾಸ್ಟರು ಇಳಿದುಬಂದರು. “ನಾಳೆ ಯಾವ ಪಾಠ?”

“ನದಿಗಳು, ಸರ್.”

“ನದಿಗೆ ಎಷ್ಟು ಕೈ ಬೇಕಾಗತ್ತೆ?”

“ಒಂದು ಸಾಕು ಸರ್. ಉಪನದಿಗಳಿಗೆ ಕಮ್ಮಿ ಬಿದ್ರೆ, ಮೂವತ್ತೆರಡು ಜೊತೆ ಇವೆ.”

ಹೆಡ್‌ಮಾಸ್ಟರು ಜಗಲಿಗೆ ಮರಳಿ, ಕುರ್ಚಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋದರು.

ಬಿಡುವಿನಲ್ಲಿ ಮಕ್ಕಳು ಅಂಗಳವನ್ನು ತುಂಬಿದರು. ತರಗತಿಯಲ್ಲೇ ಕಿರಿಯಳಾದ ಪುಟ್ಟಿಯೊಬ್ಬಳು ಬಿಸಿಲಿಗೆ ಮುಖಮಾಡಿ ಎಡಗೈ ನೀಡಿ ನಿಂತಿದ್ದಳು. ಯಾವ ಊನವೂ ಇಲ್ಲದ ಬಲಗೈಯನ್ನು ಸಡಿಲ ಬಿಟ್ಟು ಕೂಗುತ್ತಿದ್ದಳು: “ಯಾರಾದ್ರೂ ಬನ್ರೇ, ದಕ್ಷಿಣ ಎತ್ತಬೇಕು!”

ಆಟದ ಚೆಂಡನ್ನು ಅಲ್ಲೇ ಬಿಟ್ಟು ಯಾರೋ ಅವಳತ್ತ ಓಡಿದರು.