ಮುಸುರೆ ಕೈಯ ಸಂದರ್ಶನ

೧
ಹೇಗೆ ಶುರು ಮಾಡಲಿ? ಕಥೆ ನಡೆಯುವುದು ಸೂರತ್‌ನಲ್ಲಿ, ೧೯೯೫ರಲ್ಲಿ. ಅಂದಕೂಡಲೇ ನೀವು ಹಿಂದಿನ ವರ್ಷದ ಪ್ಲೇಗು, ಇಲಿ, ಮುಖಕ್ಕೆ ಕಟ್ಟಿದ ಕರವಸ್ತ್ರ ಎಲ್ಲ ನೆನೆದು ಕೂತಿರುತ್ತೀರಿ. ನಾನೂ ಮೊದಲ ಡ್ರಾಫ್ಟನ್ನು ಇಲಿಯಿಂದಲೇ ಶುರು ಮಾಡಿದ್ದೆ. ಹರಿದು ಹಾಕಿದೆ. ಇದು ಸಂತೋಷದ ಕಥೆ, ಇಲಿಗೆ ಪಾತ್ರವಿಲ್ಲ.

೨
ಡ್ರಾಫ್ಟ್ ಎರಡು. ಊರಂಚಿನ ಪಾಂಡೇಸರಾ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಆಸ್ಪತ್ರೆ (ಹೆಸರು ಕೇಳಬೇಡಿ, ನಾನೇ ಕಟ್ಟಿಸಿದ್ದು, ಇನ್ನೂ ಬೋರ್ಡ್ ಹಾಕಿಲ್ಲ). ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳಲ್ಲಿ ಕೈಕಾಲು ಸುಟ್ಟುಕೊಂಡವರು ಇಲ್ಲಿಗೆ ಬರುತ್ತಾರೆ. ಗಾಯ ಮಾಯುವ ಬದಲು ಒಬ್ಬರಿಂದೊಬ್ಬರಿಗೆ ಕೀವು ಹಬ್ಬುತ್ತಿದೆ. ಅದನ್ನು ತಡೆಯುವುದಕ್ಕೆಂದೇ ಒಬ್ಬ ನರ್ಸ್ ಬೇಕಾಗಿದೆ: ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್.

ಆ ಕೆಲಸ ಸುಮತಿಗೆ ಬೇಕು. ಉಡುಪಿ ಕಡೆಯವಳು, ಗಂಡ ವಿಠ್ಠಲನದು ಸ್ಟೇಷನ್ ರಸ್ತೆಯಲ್ಲಿ ಹೋಟೆಲು. ಹನ್ನೊಂದು ವರ್ಷದಿಂದ ಇದೇ ವಾರ್ಡಿನಲ್ಲಿ ಡ್ರೆಸಿಂಗ್ ಮಾಡುತ್ತಿದ್ದಾಳೆ. ಕಳೆದ ತಿಂಗಳು ಮಿಲ್ಲಿನವನೊಬ್ಬನ ಎರಡು ಬೆರಳು ಕತ್ತರಿಸಬೇಕಾಯಿತು. ಸುಟ್ಟದ್ದಕ್ಕಲ್ಲ, ಕೀವಿಗೆ. ಗಾಯ ತೊಳೆಯಲು ಎಲ್ಲರಿಗೂ ಒಂದೇ ಬಟ್ಟಲು ಬೇಡ ಎಂದು ಅವಳು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಹುದ್ದೆ ಸಿಕ್ಕರೆ ಹಾಕಿಕೊಳ್ಳಲೇಬೇಕಾಗುತ್ತದೆ.

ಇಲ್ಲಿ ಅವಳು ಅಳುತ್ತಾಳೆ ಎಂದು ಬರೆದೆ.

"ನಾನೆಂತಕ್ಕೆ ಅಳೂದು ಮಾರಾಯ್ರೆ?" ಎಂದಳು ಸುಮತಿ. "ನನಗೆ ಬಂದದ್ದು ಸಿಟ್ಟು. ಸರಿ ಬರೀರಿ."

(ಸರಿಪಡಿಸಿದೆ. ನನ್ನ ಪಾತ್ರಗಳಿಗೆ ನನ್ನ ಮೇಲಿರುವ ಗೌರವ ಇಷ್ಟು.)

೩
ಎದುರಾಳಿ ಇಲ್ಲದೆ ಕಥೆಯೇ? ವಡೋದರಾದಿಂದ ಅನುರಾಧಾಳನ್ನು ಕರೆಸಿದೆ. ದಪ್ಪ ಫೈಲು, ಇಸ್ತ್ರಿ ಮಾಡಿದ ಬಿಳಿ ಸೀರೆ, ಬ್ಯಾಗಿನಲ್ಲಿ ಸ್ವಂತ ಲೋಟ. ಕುರ್ಚಿಯನ್ನು ಒರೆಸಿಯೇ ಕೂತಳು. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಧಾರವಾಡದ ಕೇಶವರಾಯರು ಮರುಳಾಗಿಹೋದರು.

"ಏನ್ ಮಡಿ ರೀ ಈಕಿದು! ಈಕೀನ್ನೇ ತಗೊಂಡ್ ಬಿಡೋಣು," ಎಂದು ನನ್ನ ಕಿವಿಯಲ್ಲಿ ಉಸುರಿದರು.

ಮಡಿ ಮನೆಯಲ್ಲಿ ಬೆಳೆದವರು ಮಾತ್ರ ಮಾಡಬಲ್ಲ ತಪ್ಪು ಇದು. ನಾನೂ ಅಂಥ ಮನೆಯವನೇ, ತಲೆಯಾಡಿಸಿದೆ.

೪
ಸರ್ಜನ್ ಜರೀವಾಲಾ ರೌಂಡ್ಸ್ ಮುಗಿಸಿ ನೇರವಾಗಿ ಸಂದರ್ಶನಕ್ಕೆ ಬಂದು ಕೂತರು. ಇಬ್ಬರಿಗೂ ಒಂದೇ ಪ್ರಶ್ನೆ, ಹಿಂದಿಯಲ್ಲಿ: ವಾರ್ಡಿನಲ್ಲಿ ಮೊದಲು ಯಾರ ಕೈ ತೊಳೆಸುತ್ತೀರಿ?

"ರೋಗಿಯ ಕಡೆಯವರದು. ಹೊರಗಿನ ಕೊಳೆ ತರುವವರು ಅವರೇ," ಎಂದಳು ಅನುರಾಧಾ. ಕೇಶವರಾಯರು ಫುಲ್ ಮಾರ್ಕ್ಸ್ ಹಾಕಿದರು.

"ನನ್ನದು," ಎಂದಳು ಸುಮತಿ. "ಆಮೇಲೆ ನಿಮ್ಮದು, ಡಾಕ್ಟರ್ ಸಾಹೇಬ್. ಈಗಷ್ಟೇ ಏಳನೇ ಬೆಡ್ಡಿನ ಬ್ಯಾಂಡೇಜ್ ಮುಟ್ಟಿದ ಕೈಯಲ್ಲಿ ಎಂಟನೆಯವನ ನಾಡಿ ನೋಡಿದಿರಿ."

ಜರೀವಾಲಾ ತಮ್ಮ ಕೈ ತಿರುಗಿಸಿ ನೋಡಿಕೊಂಡರು. "ಕುಛ್ ದಿಖ್ತಾ ತೋ ನಹೀಂ," ಏನೂ ಕಾಣುತ್ತಿಲ್ಲವಲ್ಲ ಎಂದರು.

ಇದಕ್ಕೆ ಉತ್ತರ ಸುಮತಿಗೆ ಹಿಂದಿಯಲ್ಲಿ ಸಿಗಲಿಲ್ಲ. ಕೇಶವರಾಯರ ಕಡೆ ತಿರುಗಿದಳು.

"ರಾಯರೇ, ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದ್ರೆ ನಿಮ್ಮ ಅಮ್ಮ ಬಿಡ್ತಿದ್ರಾ? ಮುಸುರೆ ಅಂತ ಕೈ ತೊಳೆಸ್ತಿರ್ಲಿಲ್ವಾ? ಕೈಯಲ್ಲಿ ಎಂತದೂ ಕಾಣ್ತಿರ್ಲಿಲ್ಲ, ಆದ್ರೂ ತೊಳೀಬೇಕು. ಮಡಿ ಅಂದ್ರೆ ನಾನು ಶುದ್ಧ, ನೀವು ದೂರ ನಿಲ್ಲಿ ಅಂತ. ಮುಸುರೆ ಅಂದ್ರೆ ನನ್ನ ಕೈಯಿಂದಲೇ ಹಾಳಾದೀತು ಅಂತ. ವಾರ್ಡಿಗೆ ಬೇಕಾದ್ದು ಎರಡನೇದು."

"ಅಯ್ಯ, ನಮ್ಮವ್ವ ಲಟ್ಟಣಗಿ ಹಿಡಕೊಂಡ್ ಬೆನ್ನ ಹತ್ತತಿದ್ಲ್ರೀ!" ಕೇಶವರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅರ್ಧ ಹಿಂದಿ, ಅರ್ಧ ಗುಜರಾತಿಯಲ್ಲಿ ಜರೀವಾಲಾಗೆ ಮುಸುರೆಯ ಪಾಠ ಮಾಡಿದರು. ಸರ್ಜನ್ ಪೂರ್ತಿ ಕೇಳಿ ಎದ್ದು ಬೇಸಿನ್ನಿಗೆ ಹೋದರು. "ಬೆನ್, ನೌಕರಿ ತಮಾರಿ," ಕೆಲಸ ನಿನ್ನದೇ ತಂಗಿ, ಎಂದು ಅಲ್ಲಿಂದಲೇ ಸುಮತಿಗೆ ಕೂಗಿ ಹೇಳಿದರು.

ಬೇಸಿನ್ನಿನಲ್ಲಿ ಸೋಪಿರಲಿಲ್ಲ. ಸುಮತಿ ಸ್ಟೋರಿಗೆ ಬರೆದ ಮೊದಲ ಬೇಡಿಕೆ ಚೀಟಿ ಅದೇ.

೫
"ನನ್ನನ್ನು ಹೀಗೇ ಸೋಲಿಸಿ ಬಸ್ಸು ಹತ್ತಿಸುತ್ತೀರಾ?" ಅನುರಾಧಾ ನನ್ನನ್ನೇ ಕೇಳಿದಳು. ನ್ಯಾಯದ ಮಾತು. ಆಸ್ಪತ್ರೆಯ ಕತ್ತರಿ, ಚಿಮಟಗಳನ್ನು ಕುದಿಸಿ ಇಡುವ ಕೋಣೆಗೆ ಅವಳನ್ನು ನೇಮಿಸಿದೆ. ಈಗ ಅದರ ಹೊಸ್ತಿಲು ದಾಟಲು ಜರೀವಾಲಾಗೂ ಧೈರ್ಯವಿಲ್ಲ. ಮಡಿಗೂ ಒಂದು ಜಾಗ ಉಂಟಲ್ಲ!

೬
ಅಂತ್ಯ ಅ: ನೇಮಕದ ಆರ್ಡರ್ ಸುಮತಿಯ ಕೈಗೆ ಬಂದ ದಿನ ವಿಠ್ಠಲ ಹೋಟೆಲಿನಲ್ಲಿ ಎಲ್ಲರಿಗೂ ಪುಕ್ಕಟೆ ಮಸಾಲೆದೋಸೆ ಹಾಕಿದ. (ಇದು ನಡೆದೇ ನಡೆಯಿತು. ನಾನು ಎರಡು ತಿಂದೆ.)

ಅಂತ್ಯ ಆ: ಅಂದಿನಿಂದ ಆ ವಾರ್ಡಿನಲ್ಲಿ ಒಂದು ಗಾಯವೂ ಕೀವಾಗಲಿಲ್ಲ.

ಇದನ್ನು ಬರೆದು ನನಗೇ ಕಣ್ಣು ತುಂಬಿತು. ಸುಮತಿ ಬಗ್ಗಿ ಓದಿದಳು.

"ಇದನ್ನು ತೆಗೀರಿ."

"ಯಾಕಮ್ಮ? ಸಂತೋಷದ ಕಥೆ!"

"ಒಂದೂ ಇಲ್ಲ ಅಂತ ಬರೆದ್ರೆ ನಾಳೆಯಿಂದ ಯಾರೂ ಕೈ ತೊಳೆಯೂದಿಲ್ಲ. ಮೊದಲೆಲ್ಲ ವಾರಕ್ಕೆ ಒಂಬತ್ತು ಆಗ್ತಿತ್ತು. ಈ ವಾರ ಎರಡು. ಆ ಎರಡು ಯಾಕೆ ಆಯ್ತು ಅಂತ ಹುಡುಕ್ತಾ ಇದ್ದೇನೆ."

"ಹಾಗಾದರೆ ಕಥೆ ಮುಗಿಯುವುದು ಯಾವಾಗ?"

"ಮುಗಿಯೂದಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಹೊಸ ಪೇಶೆಂಟ್ ಬಂದಿದ್ದಾನೆ, ದಾರಿ ಬಿಡಿ ಮಾರಾಯ್ರೆ."

ನಾನು ದಾರಿ ಬಿಟ್ಟೆ.