ಕಲ್ಲಪ್ಪನ ಡಬಲ್ ಫೋಟೋ

ನಕ್ಕಿದ್ದಕ್ಕೇ ರಶ್ಮಿಗೆ ಒಂದು ಸಂಬಂಧ ತಪ್ಪಿಹೋಗಿತ್ತು. ಕುಂಸಿ ಕಡೆಯಿಂದ ಹೆಣ್ಣು ನೋಡಲು ಬಂದಿದ್ದವರಲ್ಲಿ ಗಂಡಿನ ಸೋದರಮಾವ ಮಾತಿನ ಭರದಲ್ಲಿ ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿ ಕಚ್ಚಿಕೊಂಡು, ನೀರಿನ ಲೋಟವೆಂದು ಮೇಜಿನ ಮೇಲಿದ್ದ ಹೂದಾನಿಯನ್ನೇ ಬಾಯಿಗೆತ್ತಿದ್ದ. ಉಳಿದವರೆಲ್ಲ ಬಂದ ನಗುವನ್ನು ಕೆಮ್ಮಿ ಮುಚ್ಚಿಕೊಂಡರು. ರಶ್ಮಿ ಮಾತ್ರ ಕಾಫಿ ತಟ್ಟೆ ಹಿಡಿದುಕೊಂಡೇ ನಕ್ಕುಬಿಟ್ಟಳು. ಅವಳ ನಗು ಸಣ್ಣದಲ್ಲ. ಮೊದಲು ಒಂದು ಕೀಚಲು ಸದ್ದು, ಆಮೇಲೆ ಉಸಿರು ಸಿಕ್ಕಿಕೊಂಡಂಥ ಒಂದು ಮೌನ, ಅದಾದ ಮೇಲೆ ಬೀದಿಗೆಲ್ಲ ಕೇಳುವ ಹಾಗೆ ಗೊಳ್ಳನೆ. ಮುಂದಿನ ವಾರ ಬಂದ ಉತ್ತರ ಇಷ್ಟೇ: ಹುಡುಗಿ ಲಕ್ಷಣವಾಗಿದ್ದಾಳೆ, ಓದಿದ್ದಾಳೆ, ಆದರೆ ನಗುತ್ತಾಳೆ.

ಅಂದಿನಿಂದ ತಾಯಿ ಜಯಶೀಲಾ ಮಗಳಿಗೆ ತರಬೇತಿ ಕೊಡತೊಡಗಿದರು. ನಗು ಬಂದರೆ ಕೆನ್ನೆಯ ಒಳಭಾಗ ಕಚ್ಚಿಕೊಳ್ಳಬೇಕು. ನೆಲ ನೋಡಬೇಕು. ಗಾಂಧಿ ಬಜಾರಿನಲ್ಲಿ ಬೀಗ, ಚಿಲಕ, ತಿರುಪು ಮಾರುವ ಅಪ್ಪ ವೀರಪ್ಪ ಮನೆಯಲ್ಲಿ ಮಾತಾಡುವುದೇ ಕಡಿಮೆ, ಆದರೂ ಒಮ್ಮೆ, "ನಗು ಬಂದ್ರೆ ನಮ್ಮಂಗಡಿ ಚಿಲಕ ನೆನಸ್ಕೋ ಮಗಳೇ. ಅದರಲ್ಲಿ ನಗೋ ಅಂಥದ್ದು ಏನೂ ಇಲ್ಲ" ಎಂದು ತಮ್ಮ ಪಾಲಿನ ಉಪದೇಶ ಕೊಟ್ಟರು.

ಹೀಗಾಗಿ ರಶ್ಮಿಯರು ಇಬ್ಬರಾದರು. ಮನೆಯಿದ್ದ ವಿದ್ಯಾನಗರದ ರಶ್ಮಿ ಸೀರೆಯುಟ್ಟು, ತಲೆ ತಗ್ಗಿಸಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಭದ್ರಾವತಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ರಶ್ಮಿಯೇ ಬೇರೆ. ಬೆಳಗಿನ ಬಸ್ಸು ದಾರಿಯಲ್ಲಿನ ಮಲವಗೊಪ್ಪ ದಾಟುವಷ್ಟರಲ್ಲಿ ಮೊದಲನೆಯವಳು ಇಳಿದುಹೋಗಿ ಎರಡನೆಯವಳು ಅದೇ ಸೀಟಿನಲ್ಲಿ ಕೂತಿರುತ್ತಿದ್ದಳು. ಅವಳ ತರಗತಿಯ ನಗು ಪಕ್ಕದ ಕೊಠಡಿಯ ಲೆಕ್ಕದ ಮೇಷ್ಟರಿಗೂ ಕೇಳುತ್ತಿತ್ತು. ಸಂಜೆಯ ಬಸ್ಸಿನಲ್ಲಿ ಮತ್ತೆ ಅದಲು ಬದಲು.

ಇದರಲ್ಲೊಂದು ತಮಾಷೆಯೂ ಇತ್ತು. ಅವಳು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಫಿಲ್.ಗೆ ಬರೆಯುತ್ತಿದ್ದ ಪ್ರಬಂಧದ ವಿಷಯವೇ ಗಾಥಿಕ್ ಎಂಬ ಹಳೆಯ ಇಂಗ್ಲಿಷ್ ಭಯಾನಕ ಕತೆಗಳಲ್ಲಿ ಬರುವ ಜೋಡಿರೂಪಗಳು. ಮನುಷ್ಯನೊಬ್ಬ ಮಂಜು ಕವಿದ ಬೀದಿಯಲ್ಲಿ ತನ್ನದೇ ಮುಖ ಹೊತ್ತ ಇನ್ನೊಬ್ಬನನ್ನು ಕಾಣುತ್ತಾನೆ. ಇವನು ಸಭ್ಯ, ಅವನು ಪುಂಡ. ಒಂದೇ ಬಾಳಿನಲ್ಲಿ ಇಬ್ಬರಿಗೂ ಜಾಗ ಸಾಲದೆ, ಕೊನೆಗೆ ಒಬ್ಬನ ಕೈಯಲ್ಲಿ ಇನ್ನೊಬ್ಬ ಸಾಯುತ್ತಾನೆ. ರಶ್ಮಿ ಇಂಥವನ್ನು ಊಟಕ್ಕೆ ಕೂತಾಗ ವಿವರಿಸಿದರೆ ಜಯಶೀಲಾ, "ಉಣ್ಣೋ ಹೊತ್ನಲ್ಲಿ ಸಾಯೋ ಮಾತೇನೇ ಮಾರಾಯ್ತಿ, ಸುಮ್ನೆ ಸಾರು ಹಾಕ್ಕೋ" ಎನ್ನುತ್ತಿದ್ದರು.

ಅದು ತೊಂಬತ್ತೆಂಟರ ಚಳಿಗಾಲ. ಸಂಬಂಧ ಕುದುರಿಸುವ ಶೇಷಮ್ಮ ಭದ್ರಾವತಿಯವರು. "ಒಂದು ಒಳ್ಳೆ ಫೋಟೋ ತೆಗೆಸಮ್ಮ, ನಮ್ಮೂರ ಕಾಗದನಗರದಲ್ಲಿ, ಪೇಪರ್ ಮಿಲ್ಲಿನೋರ ಕಾಲೋನೀಲಿ, ಒಬ್ಬ ಇಂಜಿನಿಯರ್ ಹುಡುಗ ಇದಾನೆ. ತೆಗೆಸಿದ ಮೇಲೆ ನಾನೇ ಸ್ಟುಡಿಯೋದಿಂದ ಇಸ್ಕೊಂಡು ಹೋಗ್ತೀನಿ" ಎಂದು ಹೇಳಿಹೋದರು. ರಶ್ಮಿ ಒಂದು ಮಧ್ಯಾಹ್ನ ಪಾಠ ಮುಗಿಸಿ, ಚೀಲದಲ್ಲಿ ತಂದಿದ್ದ ಸೀರೆಯುಟ್ಟುಕೊಂಡು, ಭದ್ರಾವತಿಯಲ್ಲೇ ಇದ್ದ ಕಲ್ಲಪ್ಪನ ಸ್ಟುಡಿಯೋಗೆ ಹೋದಳು.

ಕಲ್ಲಪ್ಪ ತನ್ನನ್ನು ಕಲಾವಿದನೆಂದು ತಿಳಿದುಕೊಂಡಿದ್ದ. ಪ್ಲಾಸ್ಟಿಕ್ ಗುಲಾಬಿಯ ಪಕ್ಕ ಕೂರಿಸಿ ಒಂದು ಫೋಟೋ ತೆಗೆದು, ನಿಟ್ಟುಸಿರು ಬಿಟ್ಟ. "ಇದೇನು ಬಿಡಿ ಮೇಡಂ, ಎಲ್ಲರೂ ತೆಗೀತಾರೆ. ಹೊಸದೊಂದು ಕಲ್ತಿದೀನಿ, ಡಬಲ್ ಫೋಟೋ. ಲೆನ್ಸಿನ ಅರ್ಧಕ್ಕೆ ಕಪ್ಪು ರಟ್ಟು ಅಡ್ಡ ಇಟ್ಟು ಒಂದ್ಸಲ, ಇನ್ನರ್ಧಕ್ಕೆ ಇಟ್ಟು ಇನ್ನೊಂದ್ಸಲ. ಅದೇ ಫಿಲ್ಮಿನಲ್ಲಿ ನೀವೇ ಇಬ್ರು!"

ಪ್ರಬಂಧದ ಹುಡುಗಿ ಇಂಥದ್ದನ್ನು ಬಿಟ್ಟಾಳೆಯೇ? ಸೀರೆಯಲ್ಲಿ ಕೂತು ಮೊದಲನೆಯದಾಯಿತು. ಪರದೆಯ ಹಿಂದೆ ಹೋಗಿ, ಕಾಲೇಜಿಗೆ ಹಾಕಿಕೊಂಡು ಬಂದಿದ್ದ ಚೂಡಿದಾರಕ್ಕೆ ಬದಲಾಯಿಸಿ, ಕುರ್ಚಿಯ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು. ಖಾಲಿ ಕುರ್ಚಿಯ ಮೇಲೆ ತಾನೇ ತಲೆ ತಗ್ಗಿಸಿ ಕೂತಿದ್ದೇನೆಂದು ನೆನೆದದ್ದೇ ನಗು ಒತ್ತರಿಸಿ ಬಂತು. ಕಲ್ಲಪ್ಪ ಅದೇ ಗಳಿಗೆಗೆ ಗುಂಡಿ ಒತ್ತಿದ.

ಮುಂದೆ ನಡೆದದ್ದು ರಶ್ಮಿಗೆ ತಿಳಿದದ್ದು ಆಮೇಲೆ. ನಾವು ಈಗಲೇ ತಿಳಿದುಕೊಂಡರೆ ನಷ್ಟವೇನಿಲ್ಲ. ಶೇಷಮ್ಮ ಫೋಟೋ ಕೇಳಲು ಹೋದಾಗ ಕಲ್ಲಪ್ಪ ಪ್ಲಾಸ್ಟಿಕ್ ಗುಲಾಬಿಯ ಫೋಟೋವನ್ನು ಮುಟ್ಟಲೂ ಇಲ್ಲ. ತನ್ನ ಡಬಲ್ ಫೋಟೋವನ್ನೇ ದಪ್ಪ ರಟ್ಟಿಗೆ ಅಂಟಿಸಿ ಕೊಟ್ಟ. ಶೇಷಮ್ಮ ಅದನ್ನು ನೇರ ಕಾಗದನಗರದ ಕ್ವಾರ್ಟರ್ಸಿಗೆ ಒಯ್ದರು. ಹುಡುಗನ ತಾಯಿ ಬಸವರಾಜೇಶ್ವರಿ ಫೋಟೋ ನೋಡಿ, "ಏನ್ರೀ, ಅವಳಿ ಜವಳೀನಾ?" ಎಂದರು. ಶೇಷಮ್ಮನವರಿಗೆ ಇರುವ ಒಂದೇ ಒಂದು ದೋಷವೆಂದರೆ 'ಗೊತ್ತಿಲ್ಲ' ಎಂಬ ಮಾತು ಅವರ ಬಾಯಿಗೆ ಬರುವುದಿಲ್ಲ. ಗೊತ್ತಿಲ್ಲ ಎಂದ ಮೇಲೆ ಸಂಬಂಧ ಕುದುರಿಸುವುದೆಂತು? "ಹೌದ್ರೀ! ಕೂತಿರೋಳು ಅಕ್ಕ, ನಿಂತಿರೋಳು ತಂಗಿ" ಎಂದುಬಿಟ್ಟರು.

ಭಾನುವಾರ ಬೆಳಿಗ್ಗೆ ಬಸವರಾಜೇಶ್ವರಿ, ಮಗ ವಿಜಯೇಂದ್ರ ಮತ್ತು ಶೇಷಮ್ಮ ವಿದ್ಯಾನಗರದ ಮನೆಗೆ ಬಂದು ಕೂತರು. ಬಸವರಾಜೇಶ್ವರಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗನನ್ನು ಒಬ್ಬರೇ ಸಾಕಿದ ಹೆಂಗಸು. ಅವರು ಬಾಗಿಲಿಗೆ ಬಂದರೆ ಕಾಲೋನಿಯ ಹುಡುಗರು ಕ್ರಿಕೆಟ್ ಬ್ಯಾಟು ಬಚ್ಚಿಡುತ್ತಿದ್ದರಂತೆ. ಹಣೆಯ ವಿಭೂತಿಯಷ್ಟೇ ನೇರ ಅವರ ಮಾತು.

ರಶ್ಮಿ ತಲೆ ತಗ್ಗಿಸಿ ಕಾಫಿ ತಂದಳು.

"ಹಾಡು ಬರುತ್ತೇನಮ್ಮಾ?" ಬಸವರಾಜೇಶ್ವರಿ ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ವಿಜಯೇಂದ್ರ ಮೆಲ್ಲಗೆ ಹೇಳಿದ: "ಅಮ್ಮ, ಹಾಡೋಕೆ ಮನೇಲಿ ರೇಡಿಯೋ ಇದೆಯಲ್ಲ. ಅದಕ್ಕೂ ಒಂದು ಕೆಲಸ ಬೇಡ್ವಾ?"

ರಶ್ಮಿ ಕೆನ್ನೆ ಕಚ್ಚಿಕೊಂಡಳು. ಗೋದ್ರೆಜ್ ಬೀಗ ನೆನೆದಳು, ಹಿತ್ತಾಳೆ ಚಿಲಕ ನೆನೆದಳು, ಸಾಲದೆ ಮೊಳೆಗಳನ್ನೂ ನೆನೆದಳು. ನಗು ಹೇಗೋ ನಿಂತಿತು. ಆದರೆ ಹುಡುಗ ಮನಸ್ಸಿಗೆ ಬಂದುಬಿಟ್ಟ. ಇಂಥವನ ಜೊತೆ ಊಟಕ್ಕೆ ಕೂತರೆ ಅನ್ನ ನೆತ್ತಿಗೇರುವುದು ಖಂಡಿತ ಎಂದುಕೊಂಡಳು. ಕಳ್ಳಗಣ್ಣಿನಲ್ಲಿ ನೋಡಿದರೆ ಅವನು ಇವಳನ್ನು ನೋಡುತ್ತಲೇ ಇರಲಿಲ್ಲ. ಒಳಮನೆಯ ಪರದೆಯನ್ನು ನೋಡುತ್ತಿದ್ದ, ಯಾರೋ ಬರುವುದಕ್ಕಿದ್ದಾರೆ ಎನ್ನುವಂತೆ.

"ಹುಡುಗಿ ಆಗಬಹುದು," ಎಂದರು ಬಸವರಾಜೇಶ್ವರಿ. "ಚಿಕ್ಕೋಳನ್ನೂ ಕರೀರಿ, ನೋಡ್ಬಿಡೋಣ."

"ಯಾವ ಚಿಕ್ಕೋಳು?" ಎಂದರು ವೀರಪ್ಪ.

ಬಸವರಾಜೇಶ್ವರಿ ಕೈಚೀಲದಿಂದ ಫೋಟೋ ತೆಗೆದರು. "ಇವಳು. ನಿಂತಿರೋಳು."

ವೀರಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. ಮನೆಯಲ್ಲಿ ಇಷ್ಟು ದಿನ ತನಗೆ ತಿಳಿಯದಂತೆ ಇನ್ನೊಬ್ಬಳು ಮಗಳಿದ್ದಳೇ ಎಂಬಂತೆ ಹೆಂಡತಿಯ ಮುಖ ನೋಡಿ, "ನಮಗಿರೋದು..." ಎಂದು ಶುರುಮಾಡಿದರು. ಅಷ್ಟರಲ್ಲಿ ಶೇಷಮ್ಮ, "ಅವಳು ಭದ್ರಾವತಿಗೆ ಹೋಗಿದಾಳೆ!" ಎಂದು ಕೂಗಿಯೇಬಿಟ್ಟರು.

ಈಗ ಜಯಶೀಲಾ ಫೋಟೋ ನೋಡಿದರು. ಬಾಯ್ತುಂಬ ನಗುತ್ತಿದ್ದ ಮಗಳನ್ನು ಕಂಡು, ಕುಂಸಿಯವರ ಉತ್ತರ ನೆನಪಾಗಿ, ಜನ್ಮದಲ್ಲಿ ಸುಳ್ಳಾಡದ ಆ ತಾಯಿ, "ಹೌದ್ರೀ, ಕಾಲೇಜಿಗೆ ಹೋಗಿದಾಳೆ" ಎಂದರು.

"ಭಾನುವಾರಾನಾ?"

"ಸ್ಪೆಷಲ್ ಕ್ಲಾಸು."

ರಶ್ಮಿಗೆ ನಗು ಬರಲಿಲ್ಲ, ಅಳು ಬಂದಂತಾಯಿತು. ಅಮ್ಮನೇ ತನ್ನನ್ನು ಅರ್ಧ ಕತ್ತರಿಸಿ ಭದ್ರಾವತಿಯ ಬಸ್ಸು ಹತ್ತಿಸಿಬಿಟ್ಟಿದ್ದರು.

"ಹೋಗ್ಲಿ ಬಿಡಿ," ಎಂದರು ಬಸವರಾಜೇಶ್ವರಿ. "ನಮಗೆ ಈ ಹುಡುಗೀನೇ ಸರಿ. ಆ ಚಿಕ್ಕೋಳು ನಿಂತಿರೋ ಠೀವಿ ನೋಡಿ, ಅಂಥವಳು ಬಂದ್ರೆ ಮನೆ ಮನೆಯಾಗಿ ಉಳಿಯುತ್ತಾ?" ಬಾಯಲ್ಲಿ ಹೀಗಂದರೂ ಅವರ ಹೆಬ್ಬೆರಳು ಫೋಟೋದ ನಗುವ ಮುಖದ ಮೇಲೇ ಆಡುತ್ತಿತ್ತು. ಜಯಶೀಲಾ ವಾಪಸ್ ಪಡೆಯಲು ಕೈಚಾಚಿದಾಗ ಅದನ್ನು ಕೊಡದೆ ಚೀಲಕ್ಕೆ ಸೇರಿಸಿದರು.

ವಿಜಯೇಂದ್ರ ಎದ್ದು ನಿಂತ. "ಇವರ ಜೊತೆ ಒಂದೆರಡು ಮಾತಾಡಬಹುದಾ?"

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇಬ್ಬರೂ ನಿಂತರು. ಅವನು ಬೆವರುತ್ತಿದ್ದ.

"ತಪ್ಪು ತಿಳ್ಕೋಬೇಡಿ," ಎಂದ. "ನಿಮ್ಮಲ್ಲಿ ಕೊರತೆ ಏನೂ ಇಲ್ಲ. ಆದ್ರೆ ಸುಳ್ಳು ಹೇಳಿ ಮದುವೆ ಆಗೋಕೆ ನಂಗಿಷ್ಟ ಇಲ್ಲ. ಫೋಟೋ ಬಂದಾಗಿಂದ ನಾನು ನೋಡ್ತಾ ಇದ್ದಿದ್ದು ನಿಮ್ಮ ತಂಗೀನ. ನಮ್ಮನೇಲಿ ನಗೋರೇ ಇಲ್ಲ ಕಣ್ರೀ. ಅಪ್ಪ ಹೋದ ಮೇಲೆ ಗಡಿಯಾರ ಬಿಟ್ರೆ ಬೇರೆ ಸದ್ದಿಲ್ಲ. ಆ ಥರ ನಗೋರು ಒಬ್ರು ಮನೇಲಿದ್ರೆ ಅಂತ... ಕ್ಷಮಿಸಿ."

ರಶ್ಮಿಗೆ ಮೊದಲು ಬಂದದ್ದು ಸಿಟ್ಟು. ಅದೂ ಆ ಇನ್ನೊಬ್ಬಳ ಮೇಲೆ! ಚೂಡಿದಾರ ಹಾಕಿಕೊಂಡು, ಸೊಂಟಕ್ಕೆ ಕೈಕೊಟ್ಟು, ತನಗೆ ಬಂದ ಗಂಡನ್ನು ಹೊಡೆದುಕೊಂಡು ಹೋಗುತ್ತಿದ್ದಾಳಲ್ಲ ಬಜಾರಿ! ಅವಳು ತಾನೇ ಎಂಬುದು ನೆನಪಾದ ಮೇಲೂ ಹೊಟ್ಟೆಯುರಿ ಕಡಿಮೆಯಾಗಲಿಲ್ಲ. ಓದಿದ ಕತೆಗಳಲ್ಲಿ ಆ ಮನುಷ್ಯರು ತಮ್ಮದೇ ರೂಪದ ಮೇಲೆ ಕತ್ತಿ ಎತ್ತುತ್ತಿದ್ದದ್ದು ಯಾಕೆಂದು ಈಗ ಅರ್ಥವಾಯಿತು.

ಇಲ್ಲಿ ಕತ್ತಿಯೂ ಬೇಕಿರಲಿಲ್ಲ. 'ತಂಗಿಗೆ ಬೇರೆ ಕಡೆ ನಿಶ್ಚಯ ಆಗಿದೆ' ಎಂದರೆ ಸಾಕು, ಅವಳ ಕತೆ ಮುಗಿಯಿತು. ಇವನು ನಾಲ್ಕು ದಿನ ಸಪ್ಪಗಿದ್ದು, ತಾಯಿಯ ಮಾತಿಗೆ ಹೂಂ ಎನ್ನುತ್ತಾನೆ. ಕಾಗದನಗರದ ಕ್ವಾರ್ಟರ್ಸಿನಲ್ಲಿ ರಶ್ಮಿ ತಲೆ ತಗ್ಗಿಸಿಕೊಂಡು, ಕೆನ್ನೆ ಕಚ್ಚಿಕೊಂಡು, ಚಿಲಕ ನೆನೆಯುತ್ತ ಬದುಕುತ್ತಾಳೆ. ಇವನು ಸಿಗುತ್ತಾನೆ. ನಿಜ ಹೇಳಿದರೆ ಅಮ್ಮನ ಸುಳ್ಳು ಬಯಲಾಗುತ್ತದೆ, ಇವನ ತಾಯಿ ಎದ್ದು ನಡೆಯುತ್ತಾರೆ, ಇವನೂ ಹೋಗುತ್ತಾನೆ.

"ನನ್ನ ತಂಗಿಗೆ..." ಎಂದು ಶುರುಮಾಡಿ ಅವನ ಮುಖ ನೋಡಿದಳು. ಎದುರಿಗೆ ನಿಂತವಳ ಮುಂದೆ ಅವಳಿಗಾಗಿಯೇ ಎಷ್ಟು ದುಃಖಪಡುತ್ತಿದ್ದ ಪುಣ್ಯಾತ್ಮ! ಮುಖ ಮೊಸರನ್ನದಷ್ಟು ಸಪ್ಪಗಾಗಿತ್ತು. ನಗು ಹೊಟ್ಟೆಯಿಂದ ಎದ್ದಿತು. ಕೆನ್ನೆ ಹಲ್ಲಿಗೆ ಸಿಕ್ಕಿತ್ತು, ಕಚ್ಚಿದ್ದರೆ ನಿಲ್ಲುತ್ತಿತ್ತು. ರಶ್ಮಿ ಕಚ್ಚಲಿಲ್ಲ.

ಒಂದು ಕೀಚಲು ಸದ್ದು. ಒಂದು ಮೌನ. ಆಮೇಲೆ ಗೊಳ್ಳನೆ.

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ವಿಜಯೇಂದ್ರ ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದುಮಾಡಿ ಅವಳನ್ನೇ ನೋಡಿದ. "ನೀವು... ನೀವೇನಾ?"

ಅವಳು ಒಗೆಯುವ ಕಲ್ಲಿನ ಮೇಲೆ ಕೂತು, ಕಣ್ಣೀರು ಒರೆಸಿಕೊಳ್ಳುತ್ತ, ಹೌದೆಂದು ತಲೆಯಾಡಿಸಿದಳು. ಅವನ ಮುಖ ಅರಳಿದ್ದನ್ನು ನೋಡಿ ಮತ್ತೊಂದು ಸುತ್ತು ನಗು ಬಂತು.

ಸದ್ದು ಕೇಳಿ ಎಲ್ಲರೂ ಹಿತ್ತಲ ಬಾಗಿಲಿಗೆ ಬಂದರು. ಬಸವರಾಜೇಶ್ವರಿ ಎಲ್ಲರಿಗಿಂತ ಮುಂದೆ. "ಚಿಕ್ಕೋಳು ಬಂದ್ಳಾ?" ಎಂದು ಸುತ್ತ ನೋಡಿದರು. "ಎಲ್ಲಿ, ದೊಡ್ಡೋಳು ಎಲ್ಲಿ ಹೋದ್ಲು?"

ಜಯಶೀಲಾ ಸೆರಗು ಬಾಯಿಗೆ ಒತ್ತಿಕೊಂಡರು. ಇದೂ ಹೋಯಿತು ಎಂಬುದು ಅವರ ಕಣ್ಣಲ್ಲೇ ಬರೆದಿತ್ತು. ರಶ್ಮಿ ಎದ್ದು ಸೀರೆ ಸರಿಮಾಡಿಕೊಂಡಳು. ತಲೆ ತಗ್ಗಿಸಲಿಲ್ಲ.

"ಇಬ್ರೂ ಇಲ್ಲೇ ಇದೀವಿ ಅತ್ತೆ," ಎಂದಳು. "ಫೋಟೋದಲ್ಲಿರೋದು ನಾನೊಬ್ಬಳೇ, ಕಲ್ಲಪ್ಪ ಎರಡು ಮಾಡಿದ್ದು. ಕರ್ಕೊಂಡು ಹೋಗೋದಾದ್ರೆ ಇಬ್ರನ್ನೂ ಒಟ್ಟಿಗೇ ಕರ್ಕೊಂಡು ಹೋಗ್ಬೇಕು. ಒಬ್ಬಳನ್ನ ಬಿಟ್ಟು ಇನ್ನೊಬ್ಬಳು ಬರಲ್ಲ."

ಶೇಷಮ್ಮ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದ್ದರು. ಬಸವರಾಜೇಶ್ವರಿ ಚೀಲದಿಂದ ಫೋಟೋ ತೆಗೆದು ಒಮ್ಮೆ ಕೂತವಳನ್ನು, ಒಮ್ಮೆ ನಿಂತವಳನ್ನು, ಒಮ್ಮೆ ಎದುರಿಗಿದ್ದವಳನ್ನು ನೋಡಿದರು.

"ಅತ್ತೆ ಅಂದ್ಯಾ?" ಎಂದರು ಬಿಗಿಯಾಗಿ. "ಇನ್ನೂ ವೀಳ್ಯದ ಶಾಸ್ತ್ರವೇ ಆಗಿಲ್ಲ." ಆಮೇಲೆ ಜಯಶೀಲಾ ಕಡೆ ತಿರುಗಿ, "ಭಾನುವಾರ. ಸ್ಪೆಷಲ್ ಕ್ಲಾಸು" ಎಂದರು. ತುಟಿಯ ತುದಿ ಅದುರಿತು. "ಸ್ಪೆಷಲ್ ಕ್ಲಾಸಂತೆ!" ಎಂದು ಇನ್ನೊಮ್ಮೆ ಹೇಳಲು ಹೋಗಿ ಮುಗಿಸಲಾಗದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು. ವರ್ಷಗಟ್ಟಲೆ ಮುಚ್ಚಿಟ್ಟ ನಗು, ತುಕ್ಕು ಹಿಡಿದ ಬೀಗದ ಹಾಗೆ ಮೊದಲು ಕಿರುಗುಟ್ಟಿ, ಆಮೇಲೆ ಪೂರಾ ತೆರೆದುಕೊಂಡಿತು. ವಿಜಯೇಂದ್ರ ತಾಯಿಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಈ ಹೆಂಗಸನ್ನು ಅವನು ಈವರೆಗೆ ಕಂಡಿರಲಿಲ್ಲ.

ಮದುವೆಯಾದ ಮೇಲೆ ಮೊದಲ ಸಲ ಪೇಟೆಗೆ ಹೊರಟಾಗ ಬಸವರಾಜೇಶ್ವರಿ ಸೊಸೆಯನ್ನು ಕರೆದು, ಮಗನಿಗೆ ಕೇಳದ ಹಾಗೆ, "ಆ ಕಲ್ಲಪ್ಪನ ಸ್ಟುಡಿಯೋ ಎಲ್ಲಿ ಬರುತ್ತೆ?" ಎಂದು ಕೇಳಿದರು. ಈಗ ಕಾಗದನಗರದ ಆ ಮನೆಯ ಗೋಡೆಯ ಮೇಲೆ ಎರಡು ಫೋಟೋಗಳಿವೆ. ಒಂದರಲ್ಲಿ ಇಬ್ಬರು ರಶ್ಮಿಯರು. ಇನ್ನೊಂದರಲ್ಲಿ ವಿಭೂತಿ ಧರಿಸಿ ಗಂಭೀರವಾಗಿ ಕುರ್ಚಿಯಲ್ಲಿ ಕೂತ ಬಸವರಾಜೇಶ್ವರಿ, ಅವರ ಪಕ್ಕದಲ್ಲೇ ಸೊಂಟಕ್ಕೆ ಕೈಕೊಟ್ಟು, ಬಾಯ್ತುಂಬ ನಗುತ್ತ ನಿಂತ ಬಸವರಾಜೇಶ್ವರಿ. ಹೊಸಬರು ಯಾರಾದರೂ ಬಂದು, "ನಿಮ್ಮ ತಂಗೀನಾ?" ಎಂದು ಕೇಳಿದರೆ ಅವರು ಅಲ್ಲವೆನ್ನುವುದಿಲ್ಲ.

"ಹೂಂ," ಎನ್ನುತ್ತಾರೆ. "ಇಷ್ಟು ದಿನ ಮನೆಗೆ ಸೇರಿಸಿರಲಿಲ್ಲ. ಸೊಸೆ ಕರ್ಕೊಂಡು ಬಂದ್ಲು."